ದೊಡ್ಡ ತಟ್ಟೆಗೆ ಬೆಳ್ಳಿ ಬಣ್ಣ

ನಮ್ಮೂರಿನಲ್ಲಿ ಮಾತಾಡುವುದು ಬೇರೆ, ಮಾತು ಕೇಳಿಸುವುದು ಬೇರೆ. ಮಾತಾಡುವುದಕ್ಕೆ ಊರ ತುಂಬ ಜಾಗವಿದೆ. ಕಟಿಂಗ್ ಶಾಪಿದೆ, ಹಾಲಿನ ಡೈರಿಯ ಸಾಲಿದೆ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿದೆ. ಮಾತು ಕೇಳಿಸಬೇಕಾದರೆ ಮಾತ್ರ ಪುರಸಭೆಯ ಹಿಂದಿನ ದಿಣ್ಣೆ ಹತ್ತಬೇಕು. ಅಲ್ಲಿ ದೊಡ್ಡ ತಟ್ಟೆಯಿದೆ. ಟೀವಿ ಬಂದ ಹೊಸದರಲ್ಲಿ ಯಾರೋ ತಂದು ನಿಲ್ಲಿಸಿದ, ಹದಿನಾರಡಿ ಅಗಲದ ಅಲ್ಯೂಮಿನಿಯಂ ಡಿಶ್ ಅದು. ಅದರಿಂದ ಯಾವ ಮನೆಗೂ ಒಂದು ಚಿತ್ರವೂ ಬರಲಿಲ್ಲ. ತಟ್ಟೆಯ ಬಾಯಿಗೆ ಎದುರಾಗಿ, ಮೂರು ಕಬ್ಬಿಣದ ತೋಳು ಬಂದು ಕೂಡುವ ಕಡೆ, ಒಂದು ಹಲಗೆ ಕಟ್ಟಿದ್ದಾರೆ. ಅದರ ಮೇಲೆ ಕೂತವನಿಗೆ ಊರಿನ ಸದ್ದೆಲ್ಲ ನಿಂತುಹೋಗುತ್ತದೆ, ತಲೆಯನ್ನು ಹಂಡೆಯೊಳಗೆ ಇಟ್ಟ ಹಾಗೆ. ಕೆಳಗೆ, ಮಾತಿನ ಕಲ್ಲು ಎಂದು ಕರೆಯುವ ಚಪ್ಪಡಿಯ ಮೇಲೆ ನಿಂತವರು ಆಡಿದ್ದು ಮನಸ್ಸಿನಿಂದ ಬಂದ ಮಾತಾದರೆ ತಟ್ಟೆಗೆ ಬಡಿದು ಅವನ ಕಿವಿಗೆ ಬರುತ್ತದೆ. ಅಲ್ಲದಿದ್ದರೆ ಬಾಯಿ ಆಡುವುದಷ್ಟೇ ಕಾಣುತ್ತದೆ. ಆ ಹಲಗೆಯ ಮೇಲೆ ಇಪ್ಪತ್ತಾರು ವರ್ಷದಿಂದ ಕೂತಿರುವವನು ನಾನು. ಹೆಸರು ಸಾಂಬಲಿಂಗಯ್ಯ. ಊರಿಗೆ ಮಾತ್ರ ಕಿವಿ ಅಯ್ಯನೋರು.

ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನನ್ನ ಹೊತ್ತು. ಕೆಳಗೆ ಗುಮಾಸ್ತ ತಿರುಮಲಯ್ಯ ದಪ್ಪ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಾನೆ. ನಾನು ಬಲಗೈ ಎತ್ತಿದರೆ ‘ಕೇಳಿಸಿತು’ ಎಂದು ಬರೆಯುತ್ತಾನೆ, ಎಡಗೈ ಎತ್ತಿದರೆ ‘ಕೇಳಿಸಲಿಲ್ಲ’. ಕೇಳಿಸಿದ ಮಾತು ಊರಿನಲ್ಲಿ ನಡೆಯುತ್ತದೆ. ಕೇಳಿಸದ ಮಾತನ್ನು ಆಡಿಯೇ ಇಲ್ಲ ಎಂದು ತಿಳಿಯಬೇಕು.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ನಮ್ಮಲ್ಲಿ ಯಾರೂ ಯಾರಿಗೂ ಜೀವ ಕೊಡುತ್ತೇನೆ ಅನ್ನುವುದಿಲ್ಲ. ಗುರುವಾರ ಬರೋಕಾಗಲ್ಲ ಅನ್ನುತ್ತಾರೆ, ಅದು ಕೇಳಿಸುತ್ತದೆ. ದಿನಸಿ ಅಂಗಡಿಯ ಗೋಡೆಗೆ ಪುರಸಭೆಯ ಮುದ್ರೆಯಿರುವ ಪತ್ರ ತೂಗುಹಾಕಿರುತ್ತಾರೆ: ‘ತಟ್ಟೆಗೆ ಕೇಳಿಸಿದ ಮಾತು: ನಮ್ಮ ತೊಗರಿಬೇಳೆ ಪರವಾಗಿಲ್ಲ.’ ಅಂಥ ಪತ್ರ ಇರುವ ಅಂಗಡಿಗೇ ವ್ಯಾಪಾರ ಹೆಚ್ಚು. ಮದುವೆಯ ಹಿಂದಿನ ದಿನ ಗಂಡು ಹೆಣ್ಣು ಇಬ್ಬರೂ ಕಲ್ಲು ಹತ್ತಿ ಒಪ್ಪಿದೆ ಅನ್ನಬೇಕು. ಒಬ್ಬ ಗಂಡು ಒಂಬತ್ತು ದಿನ ಹತ್ತಿ ಇಳಿದ. ಚಪ್ಪರದ ತೆಂಗಿನಗರಿಯೆಲ್ಲ ಒಣಗಿ ಉದುರಿತು. ಹತ್ತನೆಯ ದಿನ ಅವನು ಸೋತು, “ಅವಳನ್ನ ಕಂಡ್ರೆ ನಂಗೆ ಹೆದ್ರಿಕೆ ಆಗುತ್ತೆ, ಆದ್ರೂ ಬಿಟ್ಟಿರೋಕಾಗಲ್ಲ” ಅಂದ. ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಆ ದಂಪತಿಗಳು ಇವತ್ತಿಗೂ ಚೆನ್ನಾಗಿದ್ದಾರೆ. ಅವನಿಗೆ ಇವತ್ತಿಗೂ ಹೆದರಿಕೆಯಿದೆ.

ಕೇಳುವುದು ನನಗೆ ಕೆಲಸ ಅನ್ನಿಸಿದ್ದೇ ಇಲ್ಲ. ನಮ್ಮಪ್ಪ ಗುಡಿಯ ಜಗಲಿಯಲ್ಲಿ ಷಟ್ಪದಿ ಓದುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಶುರುಮಾಡಿದರೆ ಬೀದಿಯ ನಾಯಿಗಳೂ ಮುಂಗಾಲ ಮೇಲೆ ಮೂತಿಯಿಟ್ಟು ಮಲಗುತ್ತಿದ್ದವು. ಅವರದೊಂದು ಪದ್ಧತಿಯಿತ್ತು. ಪದ್ಯದ ನಡುವೆ ತಟ್ಟನೆ ನಿಲ್ಲಿಸಿಬಿಡುವರು. ಕೂತವರಲ್ಲಿ ಯಾರಾದರೊಬ್ಬರು ತಾವಾಗಿ ‘ಆಮೇಲೆ?’ ಎಂದು ಕೇಳುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ಕೇಳದಿದ್ದರೆ ಅಲ್ಲಿಗೇ ಪುಸ್ತಕ ಮಡಿಚಿ ಮನೆಗೆ ಬರುವರು. “ಅವ್ರು ಕೇಳ್ದೇ ಇದ್ರೆ ನಾನು ಓದ್ಲೇ ಇಲ್ಲ ಅಂತ ಅರ್ಥ ಕಣೋ” ಅನ್ನುತ್ತಿದ್ದರು. ಅವರು ಹೆಚ್ಚಾಗಿ ಓದುತ್ತಿದ್ದದ್ದು ಒಂದು ದೋಣಿಯ ಪದ್ಯ. ಹೊಳೆಯ ದಂಡೆಯಲ್ಲಿ ನಿಂತವಳೊಬ್ಬಳು ಆಚೆ ದಡದ ದೋಣಿಯವನನ್ನು ಕೂಗುತ್ತಾಳೆ. ನಾಲ್ಕನೆಯ ಸಾಲಿನ ತನಕ ಅವಳು ಕೂಗುವುದೇ ಆಗುತ್ತದೆ. ಅಪ್ಪ ನಿಲ್ಲಿಸುತ್ತಿದ್ದದ್ದು ಅಲ್ಲಿ.

ಅಪ್ಪ ಹೋದ ಮೇಲೆ ಆ ಪದ್ಯ ನನ್ನ ಪಾಲಿಗೆ ಬಂತು. ದಿನಾ ಸ್ನಾನ ಮಾಡಿ, ಹಣೆಗೂ ಎರಡು ಕಿವಿಗಳಿಗೂ ವಿಭೂತಿ ಹಚ್ಚಿ, ಕಲ್ಲಿನ ಮೇಲೆ ನಿಂತು ತಟ್ಟೆಗೆ ಮುಖಮಾಡಿ ಆರೂ ಸಾಲು ಹೇಳಿಯೇ ನಾನು ಹಲಗೆ ಏರುತ್ತಿದ್ದದ್ದು. ಒಂದು ದಿನ ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ಬೆಳಿಗ್ಗೆಯೂ ಹೇಳಿದೆ. ನನಗೆ ಬೇರೆ ಗುಡಿಯಿಲ್ಲ, ಬೇರೆ ಪೂಜೆಯಿಲ್ಲ.

ತೋಪೇಗೌಡರು ಪುರಸಭೆಯ ಅಧ್ಯಕ್ಷರಾಗಿ ಆರಿಸಿಬಂದು ಹದಿನಾಲ್ಕು ತಿಂಗಳಾಗಿತ್ತು. ಆದರೆ ಅಧ್ಯಕ್ಷರಾಗಿರಲಿಲ್ಲ. ನಮ್ಮಲ್ಲಿ ಪ್ರಮಾಣವಚನ ತಟ್ಟೆಗೆ ಕೇಳಿಸಬೇಕು. ಮೊದಲ ಸಲ ಅವರು ಅಚ್ಚು ಹಾಕಿಸಿದ ಕಾಗದ ನೋಡಿಕೊಂಡು ಓದಿದರು. ನಾನು ಎಡಗೈ ಎತ್ತಿದೆ. ಎರಡನೆಯ ಸಲ ಬಾಯಿಪಾಠ ಮಾಡಿಕೊಂಡು ಬಂದರು. ಎಡಗೈ. ಮೂರನೆಯ ಸಲ ‘ಈ ಊರಿನ ಮಣ್ಣು’ ಅನ್ನುವಲ್ಲಿಗೆ ಬಂದಾಗ ಅತ್ತರು ಕೂಡ. ಮೇಲಿನಿಂದ ನನಗೆ ಕಣ್ಣೀರು ಚೆನ್ನಾಗಿ ಕಂಡಿತು. ಸದ್ದು ಬರಲಿಲ್ಲ. ಹೀಗಾಗಿ ಅವರು ಕುರ್ಚಿಯಲ್ಲಿ ಕೂರುತ್ತಿದ್ದರು, ಆದರೆ ಯಾವುದಕ್ಕೂ ಸಹಿ ಹಾಕುವಂತಿರಲಿಲ್ಲ, ಯಾವುದನ್ನೂ ಉದ್ಘಾಟಿಸುವಂತಿರಲಿಲ್ಲ. ಉದ್ಘಾಟನೆಗೆ ಕಾದು ಸಾಕಾಗಿ ಹೊಸ ನೀರಿನ ತೊಟ್ಟಿಯಿಂದ ಜನ ತಾವೇ ನಲ್ಲಿ ತಿರುಗಿಸಿ ನೀರು ಹಿಡಿಯತೊಡಗಿದರು. ಗೌಡರಿಗೆ ಎದೆಗೆ ಇರಿದದ್ದು ಇದೇ.

ಒಂದು ಮಂಗಳವಾರ ಅವರು ಸಭೆ ಕರೆದರು. “ನೋಡ್ರಪ್ಪಾ, ಮೂರು ಸಲ ಪ್ರಮಾಣ ಮಾಡಿದ್ದೀನಿ” ಅಂದರು. “ತಪ್ಪು ನನ್ನಲ್ಲಿರೋಕೆ ಸಾಧ್ಯ ಇಲ್ಲ. ಇದ್ದಿದ್ರೆ ಒಂದ್ಸಲ ಆದ್ರೂ ನಂಗೆ ಗೊತ್ತಾಗ್ತಿತ್ತು. ತಪ್ಪು ತಟ್ಟೇದು. ಬಣ್ಣ ನೋಡಿ, ಕಜ್ಜಿ ಹತ್ತಿದ ಹಸು ಹಂಗಿದೆ. ಅಂಥಾದ್ಕೆ ಮಾತು ಹೆಂಗ್ ಅಂಟುತ್ತೆ? ಹಳೇದೆಲ್ಲ ಕೆರೆಸಿ, ಕನ್ನಡಿ ಹಂಗೆ ಹೊಳೆಯೋ ಬೆಳ್ಳಿ ಬಣ್ಣ ಹೊಡೆಸ್ಬೇಕು.” ಸಭೆ ಒಪ್ಪಿತು. ತಟ್ಟೆಯ ಬಣ್ಣ ನಿಜಕ್ಕೂ ಹಾಳಾಗಿತ್ತು. ಬಿಸಿಲಿಗೂ ಮಳೆಗೂ ಹೊಪ್ಪಳೆ ಎದ್ದು, ಎದ್ದ ಕಡೆಯೆಲ್ಲ ಲೋಹ ಬಿಳಿ ಪುಡಿ ಕಕ್ಕುತ್ತಿತ್ತು.

ಸಭೆ ಮುಗಿದ ಮೇಲೆ ನನ್ನನ್ನು ಒಳಕ್ಕೆ ಕರೆಸಿದರು. “ಅಯ್ಯನೋರೆ, ಹೊಸ ಬಣ್ಣ ಆದ್ಮೇಲೆ ಕೇಳಿಸುತ್ತೆ ಅಲ್ವಾ?”

“ಕೇಳಿಸಿದ್ರೆ ಕೇಳಿಸ್ತು ಅಂತೀನಿ ಗೌಡ್ರೇ.”

“ಕೇಳಿಸ್ದೇ ಇದ್ರೆ?”

“ಅದನ್ನೂ ಹೇಳ್ತೀನಿ.”

ಗೌಡರು ಮೇಜಿನ ಮೇಲಿನ ಗಾಜಿನ ಗುಂಡು ಉರುಳಿಸಿದರು. “ಹೊಸ ಬಣ್ಣದಲ್ಲೂ ಕೇಳಿಸ್ದೇ ಇದ್ರೆ ತಪ್ಪು ತಟ್ಟೇದಲ್ಲ ಅಂತ ಆಯ್ತು. ಆಗ ಕಿವಿ ಬದಲಾಯಿಸ್ಬೇಕಾಗುತ್ತೆ. ನಮ್ಮ ಷಡ್ಡಕ ಇದ್ದಾನಲ್ಲ, ಅವನ ಕಿವಿ ಭಾರಿ ಚುರುಕು. ನಾನಿನ್ನೂ ಬಾಯಿ ತೆಗೆಯೋ ಮುಂಚೇನೇ ಕೇಳಿಸ್ತು ಅಂತಾನೆ.”

ನಾನು ಕೈಮುಗಿದು ಬಂದೆ. ಇಳಿಯುವಾಗ ಮೆಟ್ಟಿಲು ಎಣಿಸಿದೆ. ಹದಿನೇಳಿದ್ದವು, ಅಷ್ಟು ವರ್ಷ ಹತ್ತಿ ಇಳಿದಿದ್ದರೂ ಗೊತ್ತಿರಲಿಲ್ಲ.

ಬಣ್ಣದ ಕೆಲಸಕ್ಕೆ ಬಂದವಳು ಸೂಸಮ್ಮ. ಐವತ್ತರ ಹೆಂಗಸು. ಗಂಡ ಆರೋಗ್ಯಪ್ಪ ಬಸ್ಸಿನ ಬಾಡಿಗೆ ಬಣ್ಣ ಹೊಡೆಯುತ್ತಿದ್ದ. ಅವನ ಕಣ್ಣು ಮಂಜಾದ ಮೇಲೆ ಶೆಡ್ಡು ಇವಳ ಕೈಗೆ ಬಂತು. ನಮ್ಮೂರಿಂದ ಹೊರಡುವ ಅಷ್ಟೂ ಬಸ್ಸುಗಳ ಪಕ್ಕೆಯ ಮೇಲಿನ ನವಿಲು ಇವಳದೇ. ದಿಣ್ಣೆ ಹತ್ತಿ ಬಂದವಳು ತಟ್ಟೆಯನ್ನು ಸುತ್ತುಹಾಕಿ ಹೆಬ್ಬೆರಳ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ಅಂಚನ್ನು ಬಿಸಿಲಿಗೆ ಹಿಡಿದಳು. “ಒಂದು, ಎರಡು, ಮೂರು… ಏಳು ಪದರ. ಅಯ್ಯನೋರೆ, ಇದು ಡಿಶ್ಶಲ್ಲ, ಏಳು ಜನ ಅಧ್ಯಕ್ಷರ ಗೋರಿ.”

ಅದು ನಿಜವೇ ಆಗಿತ್ತು. ಒಬ್ಬೊಬ್ಬ ಅಧ್ಯಕ್ಷರೂ ಹಿಂದಿನವರ ಬಣ್ಣದ ಮೇಲೆ ತಮ್ಮದನ್ನು ಬಳಿಸಿ ಕೆಳಗೆ ಹೆಸರು ಬರೆಸಿದ್ದರು. ಪಿಸ್ತಾ ಹಸಿರಿನ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಕಾಫಿಪುಡಿಯ ಬಣ್ಣ. ಕೆರೆದದ್ದು ಯಾರೂ ಇಲ್ಲ. “ಬರೀ ಅಲ್ಯೂಮಿನಿಯಂಗೆ ಬಣ್ಣ ಹಿಡಿಯಲ್ಲ” ಅಂದಳು ಸೂಸಮ್ಮ. “ಮೈ ಉಜ್ಜಿ ಪ್ರೈಮರ್ ಕೊಡ್ಬೇಕು, ಒಂದಿನ ಕಾಯ್ಬೇಕು. ಕಾಯೋಕೆ ಇವ್ರಿಗೆಲ್ಲಿ ಪುರುಸೊತ್ತು? ನಾಳೆ ಮಾಲೆ, ಇವತ್ತು ಬಣ್ಣ.”

ಕೆಲಸ ಹನ್ನೆರಡು ದಿನ ನಡೆಯಿತು. ಅವಳು ಲೋಳೆಯಂಥ ಒಂದು ರಿಮೂವರನ್ನು ಅಗಲ ಬ್ರಷ್ಷಿನಿಂದ ಬಳಿದು ಒದ್ದೆ ಗೋಣಿ ಮುಚ್ಚುವಳು. ಸ್ವಲ್ಪ ಹೊತ್ತಿಗೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೇಳುವುದು. ಆಗ ಮರದ ಚಕ್ಕೆಯಿಂದ ಕೆರೆಯುವಳು. ಕಬ್ಬಿಣದ ಬ್ರಷ್ ಯಾಕೆ ಬೇಡ ಎಂದು ಕೇಳಿದೆ. “ಮೆದು ಲೋಹ ಅಯ್ಯನೋರೆ. ಗೀರಿದ್ರೆ ಗೀರು ಹಂಗೇ ಉಳಿಯುತ್ತೆ. ಕಾಸ್ಟಿಕ್ ಸೋಡಾ ನೀರಂತೂ ಮುಟ್ಟಿಸ್ಬಾರ್ದು, ತಿಂದಾಕ್ಬಿಡುತ್ತೆ.” ಅವಳು ಕೆರೆದ ಹಾಗೆ ಅಧ್ಯಕ್ಷರ ಹೆಸರುಗಳು ಒಂದೊಂದಾಗಿ ಮೇಲೆ ಬಂದು ಒಂದೊಂದಾಗಿ ಬುಟ್ಟಿಗೆ ಬಿದ್ದವು. ಆ ಹನ್ನೆರಡು ದಿನ ಕೇಳುವ ಕೆಲಸ ಬಂದ್. ‘ಕಲ್ಲಿನ ಮೇಲೆ ಬಂದು ಹೇಳು ನೋಡೋಣ’ ಅನ್ನುವ ಬೆದರಿಕೆ ಯಾರಿಗೂ ಇಲ್ಲದೆ ಊರು ಹಬ್ಬದ ಕಳೆಯಿಂದ ಇತ್ತು. ಗಂಡಂದಿರು ಸಾರನ್ನು ಹೊಗಳಿದರು. ಬೇಳೆ ಅಂಗಡಿಯವನು ಗೋಡೆಯ ಪತ್ರ ತಿರುಗಿಸಿ ನೇತುಹಾಕಿ ‘ಜಿಲ್ಲೆಗೇ ಶ್ರೇಷ್ಠ’ ಎಂದು ಬರೆದ. ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಹೋಟೆಲಿನಲ್ಲಿ ತಬ್ಬಿಕೊಂಡು ಕ್ಷಮೆ ಕೇಳಿಕೊಂಡರು. ಹದಿಮೂರನೆಯ ದಿನ ಮತ್ತೆ ಬಿಟ್ಟರು.

ಏಳನೆಯ ದಿನ ತಟ್ಟೆ ಪೂರ್ತಿ ಬೆತ್ತಲಾಗಿತ್ತು. ಬೆಳಿಗ್ಗೆ ನಾನು ಹೋದಾಗ ಸೂಸಮ್ಮ ಹಲಗೆಯ ಮೇಲೆ ಕೂತು ಕಬ್ಬಿಣದ ತೋಳುಗಳ ತುಕ್ಕು ಉಜ್ಜುತ್ತಿದ್ದಳು. ಹಲಗೆ ಏರುವುದಿಲ್ಲದಿದ್ದರೂ ಪದ್ಯ ತಪ್ಪಿಸಬಾರದಲ್ಲ. ಕಲ್ಲಿನ ಮೇಲೆ ನಿಂತು ಕಣ್ಣು ಮುಚ್ಚಿ ಆರೂ ಸಾಲು ಹೇಳಿದೆ. ಕಣ್ಣು ಬಿಟ್ಟಾಗ ಒಂದು ಯೋಚನೆ ಬಂತು. ಇಪ್ಪತ್ತಾರು ವರ್ಷದಲ್ಲಿ ನಾನು ಕಲ್ಲಿನ ಮೇಲೆ ನಿಂತಿದ್ದಾಗ ಹಲಗೆಯ ಮೇಲೆ ಯಾರಾದರೂ ಕೂತಿದ್ದದ್ದು ಇದೇ ಮೊದಲು.

ಅವಳು ಏಣಿ ಇಳಿದು ಬಂದಳು. ನಾನು ಹೇಗೋ ಬಾಯಿಬಿಟ್ಟು ಕೇಳಿದೆ: “ಹೆಂಗಿತ್ತಮ್ಮ ಪದ್ಯ?”

“ಯಾವ ಪದ್ಯ?”

“ಈಗ ಹೇಳಿದ್ನಲ್ಲ.”

ಸೂಸಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಅವಳು ಸುಳ್ಳು ಹೇಳಬಹುದಾಗಿತ್ತು. ಊರಿಗೆಲ್ಲ ಆ ವಾರ ರಜೆಯೇ ಇತ್ತು. “ಬಾಯಿ ಆಡ್ತಿತ್ತು ಅಯ್ಯನೋರೆ. ಅಷ್ಟೇ ಕಂಡಿದ್ದು. ಬಣ್ಣ ಇಲ್ವಲ್ಲ, ಅದ್ಕಿರಬೇಕು.”

ಅದಕ್ಕಲ್ಲ. ನನಗೆ ಅನುಮಾನ ಉಳಿಯದಿರಲಿ ಎಂದು ದೇವರೇ ಕಳಿಸಿದ ಹಾಗೆ ಆ ಹೊತ್ತಿಗೆ ತಿರುಮಲಯ್ಯ ಬಂದ. ಸೂಸಮ್ಮ ಮತ್ತೆ ಹಲಗೆ ಏರಿದ್ದಳು. ಅವನು ಕಲ್ಲಿನ ಮೇಲೆ ಕಾಲಿಟ್ಟು, “ಥೂ, ಹೊಸ ಚಪ್ಪಲಿ ಕಚ್ಚುತ್ತೆ” ಅಂದ. ಮೇಲಿಂದ ಸೂಸಮ್ಮ, “ಕೊಬ್ಬರಿ ಎಣ್ಣೆ ಸವರ್ರಿ ತಿರುಮಲಯ್ಯ” ಎಂದು ಕೂಗಿದಳು.

ಆ ದಿನ ನಾನು ಊಟ ಮಾಡಲಿಲ್ಲ. ಇಪ್ಪತ್ತಾರು ವರ್ಷ. ಊರಿನವರ ಮಾತನ್ನೆಲ್ಲ ತೂಗುತ್ತ ಕೂತಿದ್ದವನ ಸ್ವಂತ ಮಾತು ಒಂದು ಚಪ್ಪಲಿಯಷ್ಟೂ ತೂಗಲಿಲ್ಲ. ನಾನು ಪದ್ಯ ಹೇಳುವಾಗ ಏನು ಯೋಚಿಸುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ಒಂದು ದಿನ ಹಾಲು ತರುವುದು, ಒಂದು ದಿನ ಮಂಡಿ ನೋವು. ಹೆಂಡತಿ ತೀರಿಕೊಂಡ ಬೆಳಿಗ್ಗೆ ಜನ ನೋಡುತ್ತಿದ್ದಾರೆ ಅನ್ನುವುದು ನೆನಪಿತ್ತು. ತೋಪೇಗೌಡರಾದರೂ ಮೂರು ಸಲ ಮಾಡಿದರು. ನಾನು ಒಂಬತ್ತು ಸಾವಿರ ಸಲ ಮಾಡಿದ್ದೆ. ಆ ಮನುಷ್ಯನಿಗೆ ಎಡಗೈ ತೋರಿಸಲು ನಾನು ಯಾರು? ಬಲಗೈ ಎತ್ತಿಬಿಟ್ಟರೆ ಅವರಿಗೆ ಕುರ್ಚಿ, ನನಗೆ ಹಲಗೆ. ಇಬ್ಬರದೂ ಬಾಯಿ ಆಡುತ್ತಿರುತ್ತದೆ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ.

ಪ್ರೈಮರ್ ಆಯಿತು. ಕೊನೆಯ ಬಣ್ಣದ ಹೊತ್ತಿಗೆ ಗೌಡರೇ ದಿಣ್ಣೆಗೆ ಬಂದರು. ಸೂಸಮ್ಮ ಅವರೆದುರು ಎರಡು ತಗಡಿನ ತುಂಡು ಹಿಡಿದಳು: ಒಂದು ಮಿನುಗಿಲ್ಲದ ಬೂದು ಬಿಳಿ, ಒಂದು ಥಳಥಳ ಬೆಳ್ಳಿ. “ಗೌಡ್ರೇ, ಡಿಶ್ಶಿಗೆ ಮಿಂಚೋ ಬಣ್ಣ ಹೊಡೀಬಾರ್ದು. ಅದ್ರ ಹೊಟ್ಟೆ ಒಳಗೆ ಬಗ್ಗಿದೆಯಲ್ಲ, ಬಿಸಿಲೆಲ್ಲ ಒಟ್ಟುಗೂಡಿ ಬಂದು ಹಲಗೆ ಮೇಲೇ ಬೀಳುತ್ತೆ.”

“ಬೀಳ್ಲಿ ಬಿಡಮ್ಮ. ಬೆಳಕು ಬಿದ್ರೆ ಫೋಟೋ ಚೆನ್ನಾಗ್ ಬರುತ್ತೆ.”

“ಬೆಳಕಲ್ಲ ಗೌಡ್ರೇ, ಬೆಂಕಿ. ಬೆಳಿಗ್ಗೆ ಹೊತ್ತಾದ್ರೆ ಹೆಂಗೋ. ನೀವು ನೆತ್ತಿ ಬಿಸಿಲಲ್ಲಿ ಮುಹೂರ್ತ ಇಟ್ಟಿದ್ದೀರಂತಲ್ಲ?”

“ಹನ್ನೆರಡು ಗಂಟೆ ಐದು ನಿಮಿಷ. ಜೋಯಿಸ್ರು ಹೇಳಿದ್ದು. ಜೋಯಿಸ್ರಿಗಿಂತ ನಿಂಗೆ ಸೂರ್ಯ ಹೆಚ್ಚು ಗೊತ್ತೇನಮ್ಮೋ? ಹೊಡಿ, ಹೊಡಿ. ಮೇಲೊಂದು ವಾರ್ನಿಷ್ಷೂ ಹೊಡಿ.” ಹೊರಡುವಾಗ ತಟ್ಟೆಯ ಕೆಳಗಿನ ಜಾಗವನ್ನು ಅಂಗೈಯಿಂದ ಅಳೆದು, “ಇಲ್ಲಿ ಹೆಸ್ರು. ಅಕ್ಷರ ದಪ್ಪಗಿರ್ಲಿ” ಅಂದರು.

ಸಮಾರಂಭದ ದಿನ ಮೋಡವಿರಲಿಲ್ಲ. ತಟ್ಟೆಯ ಕಡೆ ನೋಡಿದವರು ಕಣ್ಣಿಗೆ ಕೈ ಅಡ್ಡ ಹಿಡಿದರು. ನಾನು ಶಾಲು ಹೊದ್ದು ಏಣಿಯ ಬುಡಕ್ಕೆ ಹೋದಾಗ ಸೂಸಮ್ಮ ಮುಖ ಗಂಟುಹಾಕಿಕೊಂಡು ನಿಂತಿದ್ದಳು. ಅವಳ ಕೈಯಲ್ಲಿ ನೀರು ತೊಟ್ಟಿಕ್ಕುವ ಎರಡು ಗೋಣಿ. “ಒಂದನ್ನ ತಲೆ ಮೇಲಿಂದ ಹೊದ್ಕಳಿ, ಒಂದನ್ನ ಬೆನ್ನಿಗೆ. ಬೇಡ ಅಂದ್ರೆ ಏಣಿ ಬಿಡಲ್ಲ.”

“ಶಾಲಿನ ಮೇಲೆ ಗೋಣಿ ಹೊದ್ರೆ ನಗ್ತಾರಮ್ಮ.”

“ನಗ್ಲಿ. ಅಳೋದಕ್ಕಿಂತ ವಾಸಿ.” ಅವಳೇ ಹೊದಿಸಿದಳು.

ನಾನು ಏರಿ ಕೂತ ಮೇಲೆ ಏಣಿ ತೆಗೆದರು. ಪ್ರಮಾಣವಚನದ ಹೊತ್ತಿನಲ್ಲಿ ಕೇಳುವವನ ಕಿವಿಯಲ್ಲಿ ಯಾರೂ ಪಿಸುಗುಡಬಾರದೆಂದು ಮೊದಲಿನಿಂದ ಇರುವ ಕ್ರಮ ಅದು. ಕೈ ಎತ್ತಿ ಮಾತು ಮುಗಿದ ಮೇಲೆಯೇ ಏಣಿ ಮತ್ತೆ ಬರುವುದು. ಊರಿನ ಸದ್ದು ನಿಂತಿತು. ಕೆಳಗೆ ವಾದ್ಯದವರ ಕೆನ್ನೆ ಊದುತ್ತಿತ್ತು, ಸದ್ದಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು, ಸದ್ದಿಲ್ಲ. ಗೌಡರು ಜರಿಪೇಟ ಸರಿಮಾಡಿಕೊಂಡು ಕಲ್ಲು ಹತ್ತಿ ಕಾಗದ ಬಿಚ್ಚಿದರು. ಬಾಯಿ ಆಡತೊಡಗಿತು.

ಮೊದಲು ಗೋಣಿ ಬೆಚ್ಚಗಾಯಿತು, ಆಮೇಲೆ ಹಬೆಯಾಡಿತು. ಕೆಳಗಿದ್ದವರು ಅದನ್ನು ಕಂಡು ದೇವರ ಧೂಪವೇ ಎದ್ದಿತೆಂದು ಕೈ ಮುಗಿದರಂತೆ. ತಿರುಮಲಯ್ಯ ಆಮೇಲೆ ಹೇಳಿದ. ನನ್ನ ಬೆನ್ನಿನ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ತಂದಿಟ್ಟ ಹಾಗಿತ್ತು. ಗೌಡರ ಕಾಗದ ಮುಗಿಯಿತು. ಅವರು ತಲೆಯೆತ್ತಿ ನೋಡಿದರು. ನಾನು ಎಡಗೈ ಎತ್ತಿದೆ.

ಗೌಡರು ಕಾಗದವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.

ಮಾತು ಮುಗಿಯುವ ತನಕ ಏಣಿ ಬರುವುದಿಲ್ಲ. ಈ ಸಲ ಮಾತು ಮುಗಿಯುವುದು ನಾನು ಬಲಗೈ ಎತ್ತಿದರೆ ಮಾತ್ರ ಎಂದು ಆಗ ನನಗೆ ತಿಳಿಯಿತು. ಎರಡನೆಯ ಸಲವೂ ಎಡಗೈ ಎತ್ತಿದೆ. ಗೋಣಿ ಒಣಗಿ ಗರಿಗರಿಯಾಯಿತು. ಸೂಸಮ್ಮ ಏಣಿ ಎಳೆಯುತ್ತಿದ್ದಳು, ಇಬ್ಬರು ಅವಳನ್ನು ಹಿಡಿದಿದ್ದರು. ಅವಳ ಬಾಯಿ ದೊಡ್ಡದಾಗಿ ತೆರೆದುಕೊಳ್ಳುತ್ತಿತ್ತು. ಕಲ್ಲಿನಿಂದ ದೂರವಿದ್ದಳು, ಏನೂ ಕೇಳಿಸಲಿಲ್ಲ. ಬಲಗೈ ತೊಡೆಯ ಮೇಲಿತ್ತು. ಅದನ್ನು ಎತ್ತಲು ಒಂದು ಕ್ಷಣ ಸಾಕು. ಯಾರಿಗೂ ಗೊತ್ತಾಗುವುದಿಲ್ಲ, ಆ ಹಲಗೆಯ ಮೇಲೆ ಏನು ಕೇಳಿಸಿತೆಂದು ಕೂತವನಿಗಲ್ಲದೆ ಯಾರಿಗೆ ಗೊತ್ತು? ನನ್ನ ಪೂಜೆಯೂ ಪೊಳ್ಳು, ಅವರ ಪ್ರಮಾಣವೂ ಪೊಳ್ಳು. ಆಗ ಅಪ್ಪನ ನೆನಪಾಯಿತು. ಯಾರೂ ಆಮೇಲೆ ಎಂದು ಕೇಳದ ದಿನ ಅವರು ಪುಸ್ತಕ ಮಡಿಚಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮನೆಗೆ ನಡೆಯುತ್ತಿದ್ದರಲ್ಲ, ಆ ಬೆನ್ನು. ತನ್ನ ಓದು ಕೇಳಿಸಿತು ಎಂದು ಆ ಬೆನ್ನು ಒಂದು ದಿನವೂ ನಟಿಸಲಿಲ್ಲ. ನನ್ನ ಮಾತು ಕೇಳಿಸಲಿಲ್ಲ ಅನ್ನುವುದು ನಿಜ. ಹಾಗೆಂದು ಇದು ಕೇಳಿಸಿತು ಅನ್ನುವುದು ನಿಜವಾಗುವುದಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಮೂರನೆಯ ಸಲ ಎಡಗೈ ಎತ್ತಿದೆ. ಗೋಣಿಯ ಅಂಚಿನಲ್ಲಿ ಕೆಂಪಗೆ ಒಂದು ಗೆರೆ ಹರಿದಾಡಿ, ಶಾಲಿಗೆ ಹತ್ತಿತು.

ಗೌಡರು ನಾಲ್ಕನೆಯ ಸಲಕ್ಕೆ ಕಾಗದ ಎತ್ತಿದರು. ತಲೆಯನ್ನೂ ಎತ್ತಿದರು. ನನ್ನನ್ನು ನೋಡಿದರು. ಕಾಗದ ಅವರ ಕೈಯಿಂದ ಜಾರಿ ಗಾಳಿಗೆ ಹಾರಿತು. ಆಗ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ, ಆ ಮನುಷ್ಯನ ದನಿ ತಟ್ಟೆಗೆ ಬಡಿದು ನನ್ನ ತಲೆಯ ತುಂಬ ತುಂಬಿಕೊಂಡಿತು:

“ಅಯ್ಯೋ ಇಳಿಸ್ರೋ ಆ ಅಯ್ಯನ್ನ, ಸುಟ್ಟೋಗ್ತಾನೆ!”

ಅಂಥ ದನಿ ಅವರಿಗಿದೆಯೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಕೀರಲು, ಸಣ್ಣ ಹುಡುಗನದು. ಕೈಯನ್ನು ತೊಡೆಯ ಕೆಳಗಿಂದ ಎಳೆದು, ಉರಿಯುತ್ತಿದ್ದ ಶಾಲಿನ ಸಮೇತ ಬಲಗೈ ಎತ್ತಿದೆ. ಕೇಳಿಸಿದ್ದು ಕೇಳಿಸಿತು. ಕೆಳಗೆ ಜನ ಕುಣಿದಾಡಿದರು, ಪಟಾಕಿ ಹಚ್ಚಿದರು. ಸೂಸಮ್ಮ ಒಬ್ಬನ ಕೈ ಕಚ್ಚಿ ಬಿಡಿಸಿಕೊಂಡು ಏಣಿ ತಂದಳು.

ನೆರಳಿನಲ್ಲಿ ನನ್ನನ್ನು ಬೋರಲು ಮಲಗಿಸಿ, ಕೊಡಗಟ್ಟಲೆ ತಣ್ಣೀರು ಸುರಿದು, ಡಾಕ್ಟರು ಬಂದು ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಾಗ ತಿರುಮಲಯ್ಯ ಪುಸ್ತಕ ಹಿಡಿದು ಬಗ್ಗಿದ. ಅವನು ಕ್ರಮ ಬಿಡುವವನಲ್ಲ. “ಏನು ಕೇಳಿಸ್ತು ಅಯ್ಯನೋರೆ? ಅಕ್ಷರಶಃ ಹೇಳ್ಬೇಕು.” ಹೇಳಿದೆ. ಅವನು ಬರೆದುಕೊಂಡ. ಗೌಡರು ಪಕ್ಕದಲ್ಲಿ ಮೊಣಕಾಲೂರಿ ಕೂತು ತಮ್ಮ ಜರಿಪೇಟದಿಂದ ನನಗೆ ಗಾಳಿ ಹಾಕುತ್ತಿದ್ದರು. “ಅದು ಪ್ರಮಾಣ ಅಲ್ವಲ್ಲ” ಅಂದರು ಮೆಲ್ಲಗೆ.

ಊರ ಹಿರಿಯರು ಎರಡು ದಿನ ಕೂತು ಚರ್ಚೆ ಮಾಡಿದರು. ಆರಿಸಿಬಂದವರು ಕಲ್ಲಿನ ಮೇಲೆ ನಿಂತು ಆಡಿದ ಮಾತು ಕೇಳಿಸಿದರೆ ಅದೇ ಅವರ ಪ್ರಮಾಣ ಎಂದಷ್ಟೇ ನಿಯಮದ ಹಳೆಯ ಪುಸ್ತಕದಲ್ಲಿತ್ತು. ಯಾವ ಮಾತು ಎಂದು ಎಲ್ಲೂ ಇರಲಿಲ್ಲ. ಹೀಗೆ ತೋಪೇಗೌಡರು ಅಧ್ಯಕ್ಷರಾದರು. ಮೊದಲ ಎಂಟು ದಿನ ಒಳ್ಳೆಯ ಅಧ್ಯಕ್ಷರೇ ಆಗಿದ್ದರು. ದಿನಾ ನಮ್ಮ ಮನೆಗೆ ಬಂದು ಬೆನ್ನು ನೋಡಿ, ತಾವೇ ಮುಲಾಮು ಹಚ್ಚಿ ಹೋಗುತ್ತಿದ್ದರು. ಒಂಬತ್ತನೆಯ ದಿನ ಫೋಟೋದವನನ್ನು ಕರೆದುಕೊಂಡು ಬಂದರು. ತಿಂಗಳೊಳಗೆ ಪುರಸಭೆ ಹೊಸ ಪ್ರಮಾಣವಚನವನ್ನು ಅಚ್ಚು ಹಾಕಿಸಿತು. ಬಂಗಾರದ ಅಂಚಿನ ದಪ್ಪ ಕಾರ್ಡಿನ ಮೇಲೆ ದಪ್ಪ ಅಕ್ಷರ: ‘ಅಯ್ಯೋ ಇಳಿಸಿರೋ ಆ ಅಯ್ಯನನ್ನು, ಸುಟ್ಟುಹೋಗುತ್ತಾನೆ.’ ಉಪಾಧ್ಯಕ್ಷರೂ ಹದಿನಾಲ್ಕು ಜನ ಸದಸ್ಯರೂ ಸಾಲಾಗಿ ಕಲ್ಲು ಹತ್ತಿ, ಎಡಗೈಯಲ್ಲಿ ಕಾರ್ಡು ಹಿಡಿದು, ಬಲಗೈ ಮುಂದೆ ಚಾಚಿ, ಅದನ್ನೇ ಓದಿದರು. ನಾನು ಹಲಗೆಯ ಮೇಲಿದ್ದೆ. ಹದಿನೈದು ಸಲ ಎಡಗೈ ಎತ್ತಿದೆ. ಈಗ ಅವರೆಲ್ಲ ತಟ್ಟೆಯನ್ನು ಮತ್ತೆ ಕೆರೆಸಬೇಕೆಂದು ಅರ್ಜಿ ಕೊಟ್ಟಿದ್ದಾರಂತೆ.

ಕೆರೆಸುವ ಅಗತ್ಯವಿರಲಿಲ್ಲ. ಆ ಕಾರ್ಡಿನ ಸಮಾರಂಭಕ್ಕೆ ಮುಂಚೆಯೇ, ನನ್ನ ಬೆನ್ನು ಮಾಯುತ್ತಿದ್ದಾಗಲೇ, ಸೂಸಮ್ಮ ಯಾರನ್ನೂ ಕೇಳದೆ ಉಪ್ಪುಕಾಗದ ತೆಗೆದುಕೊಂಡು ದಿಣ್ಣೆ ಹತ್ತಿದ್ದಳು. ಬೆಳ್ಳಿಯ ಮಿಂಚನ್ನು ತಿಕ್ಕಿ ಕೊಂದು ಅದರ ಮೇಲೆ ಮಿನುಗಿಲ್ಲದ ಬೂದು ಬಿಳಿ ಬಳಿಯುತ್ತಿದ್ದಳು. ನಾನು ಅಂಗಿಯಿಲ್ಲದೆ, ಬೆನ್ನಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ನೋಡಲು ಹೋದೆ. ಅವಳು ಹಲಗೆಯ ಮೇಲೆ ಕೂತು ಉದ್ದ ಕೋಲಿಗೆ ರೋಲರ್ ಕಟ್ಟಿ ತಟ್ಟೆಯ ನಡುಭಾಗಕ್ಕೆ ಎಟುಕಿಸುತ್ತಿದ್ದಳು. ಕಾಲಿನ ಬೆರಳಿನಿಂದ ಕೆಳಗಿನ ಡಬ್ಬ ತೋರಿಸಿದಳು. ನಾನು ಡಬ್ಬದ ಮುಚ್ಚಳ ತೆಗೆದು ಕಡ್ಡಿ ಹಾಕಿ ಬಣ್ಣ ಕಲಕುತ್ತ ನಿಂತೆ. ಹಾಗೆ ನಿಂತದ್ದು ಮಾತಿನ ಕಲ್ಲಿನ ಮೇಲೆ ಎಂದು ನನಗೆ ಹೊಳೆದಿರಲಿಲ್ಲ.

ಸುಟ್ಟ ದಿನದಿಂದ ನಾನು ಪದ್ಯ ಹೇಳುವುದನ್ನು ಬಿಟ್ಟಿದ್ದೆ. ಆದರೆ ಬಣ್ಣ ಸುತ್ತಿ ಸುತ್ತಿ ಸುಳಿಯಾಗುವುದನ್ನು ನೋಡುತ್ತಿದ್ದರೆ ಹೊಳೆ ನೆನಪಾಯಿತು. ಹೊಳೆಯ ದಂಡೆ, ದಂಡೆಯಲ್ಲಿ ನಿಂತು ಕೂಗುವವಳು. ಬಾಯಿ ತನ್ನಷ್ಟಕ್ಕೆ ಗುನುಗಿತು. ಕತ್ತಲಾಗುತ್ತಿದೆ, ಆಚೆ ದಡದಲ್ಲಿ ದೋಣಿಯಿದೆ, ದೋಣಿಯವನು ಈ ಕಡೆ ತಿರುಗುತ್ತಿಲ್ಲ, ಅವಳು ಮತ್ತೆ ಕೂಗುತ್ತಾಳೆ. ಇಷ್ಟು ವರ್ಷ ಹೇಳಿದ್ದೆ, ಆ ಹೆಂಗಸಿಗೆ ಆಚೆ ದಡದಲ್ಲಿ ಯಾರಿದ್ದರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪಾಪ, ಯಾರಿದ್ದರೋ ಅನ್ನಿಸಿತು. ನಾಲ್ಕನೆಯ ಸಾಲಿಗೆ ಬಂದಾಗ ಮುಂದಿನ ಸಾಲು ಮರೆತು ನಿಂತುಬಿಟ್ಟೆ.

ಮೇಲೆ ರೋಲರ್ ನಿಂತಿತು. ಸೂಸಮ್ಮ ಹಲಗೆಯ ಮೇಲಿಂದ ಬಗ್ಗಿ ನೋಡಿದಳು. ಅವಳ ಮೂಗಿನ ಮೇಲೆ ಬೂದು ಬಣ್ಣದ ಒಂದು ಹನಿಯಿತ್ತು.

“ಆಮೇಲೆ?” ಅಂದಳು.